ಬಂಗುಡೆಯ ಸೂತಕ

ಹೊನ್ನಾವರದ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಪಾಠವನ್ನು ಅಲ್ಲೇ ಬಿಟ್ಟು ಮನೆಗೆ ಬರುವ ಬುದ್ಧಿ ಇದ್ದಿದ್ದರೆ ಈ ಫಜೀತಿ ಆಗುತ್ತಿರಲಿಲ್ಲ. ನನ್ನ ಬಾಯಿಗೆ ಎರಡು ಚಪಲ, ತಿನ್ನುವುದು ಮತ್ತು ಮಾತಾಡುವುದು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದಿದ್ದವು. ಅಷ್ಟು ದಿನ ಒಣಮೀನಿನಲ್ಲೇ ಕಾಲ ದೂಡಿದವನು ಪೇಟೆಯಿಂದ ತಾಜಾ ಬಂಗುಡೆ ತಂದೆ. ಅಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಕೊಯ್ಯುತ್ತಿದ್ದಳು. ನಾನು ಸುಮ್ಮನಿರಲಾರದೆ ಮೊಬೈಲಿನಲ್ಲಿ ಯೂಸ್ತೆನಾಪ್ಟೆರಾನ್ ಎಂಬ ಮೀನಿನ ಪಳೆಯುಳಿಕೆಯ ಚಿತ್ರ ತೆಗೆದು ಅವಳ ಮುಖಕ್ಕೆ ಹಿಡಿದೆ. ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಮೀನು. ಅದರ ಈಜುರೆಕ್ಕೆಯ ಬುಡದಲ್ಲಿ ನಮ್ಮ ತೋಳಿನ ಹಾಗೆಯೇ ಮೊದಲು ಒಂದು ಮೂಳೆ, ಆಮೇಲೆ ಎರಡು. ತೋಳು ಚಾಚಿ ತೋರಿಸಿದೆ. ತರಗತಿಯಲ್ಲಿ ಯಾರೂ ತಲೆಯೆತ್ತಿ ಕೇಳದ ಪಾಠವನ್ನು ಅಮ್ಮ ಕೆಲಸ ನಿಲ್ಲಿಸಿ ಕೇಳಿದಳು. ನಾನು ಉಬ್ಬಿಹೋದೆ.

"ಅಂದ್ರೆ ಇದು ನಮ್ಮ ಅಜ್ಜನಾ?"

"ಅಜ್ಜನೇ ಅಂತಲ್ಲ. ಅಜ್ಜನ ಕಡೆಯವ."

"ಈ ಬಂಗುಡೆ?"

ಬಾಯಿ ಮುಚ್ಚಬೇಕಾದದ್ದು ಇಲ್ಲಿ. ಆದರೆ ಶಾಸ್ತ್ರ ತಪ್ಪಬಾರದಲ್ಲ. "ಅದರದ್ದು ಬೇರೆ ಕವಲು. ದೂರದ ದಾಯಾದಿ," ಎಂದೆ.

ಮಧ್ಯಾಹ್ನ ಸಾರಿನ ಪರಿಮಳಕ್ಕೆ ಕರೆಯುವ ಮೊದಲೇ ಹೋಗಿ ಕೂತೆ. ಅಮ್ಮ ತನ್ನ ಬಟ್ಟಲಿಗೆ ಬಂಗುಡೆ ಹಾಕಿಕೊಂಡಳು. ನನ್ನ ಅನ್ನಕ್ಕೆ ಮಜ್ಜಿಗೆ ಸುರಿದಳು.

"ಎಂತ ಇದು?"

"ದಾಯಾದಿ ಸತ್ತದ್ದು ಗೊತ್ತಾದ್ಮೇಲೆ ಸೂತಕ ಅಲ್ಲನಾ ತಮಾ? ಸೂತಕದಲ್ಲಿ ಮೀನು ತಿಂಬೂಕೆ ಆಗ್ತದಾ?"

"ನಿಂಗಿಲ್ವಾ ಸೂತಕ?"

"ಓದಿದವ ನೀನು. ನಂಗೆ ಅದು ಬರೀ ಮೀನು."

ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ನನಗೆ ನಿಜಕ್ಕೂ ಅಳು ಬರುವಂತಾಯಿತು. ವಿಕಾಸವಾದವನ್ನು ಬದಿಗಿಟ್ಟು ಅವಳ ಶಾಸ್ತ್ರಕ್ಕೇ ಜೋತುಬಿದ್ದೆ. "ಅಷ್ಟು ದೂರದವರಿಗೆ ಮಿಂದ್ರೆ ಸಾಕಲ್ವಾ?"

ಅವಳು ಸ್ವಲ್ಪ ಯೋಚಿಸಿದಳು. "ಆತು. ಮಿಂದ್ಕಂಡು ಬಾ."

ಬೆಳಿಗ್ಗೆ ಒಮ್ಮೆ ಮಿಂದಿದ್ದ, ಪ್ರಾಣಿಶಾಸ್ತ್ರದ ಉಪನ್ಯಾಸಕನಾದ ನಾನು ಬಂಗುಡೆಯ ಆತ್ಮಶಾಂತಿಗೆಂದು ತಲೆ ಮೇಲೆ ಮತ್ತೆ ತಣ್ಣೀರು ಹೊಯ್ದುಕೊಂಡೆ. ಒದ್ದೆ ತಲೆಯಲ್ಲೇ ಬಂದು ಕೂತಾಗ ನನ್ನ ಬಟ್ಟಲಲ್ಲಿ ದೊಡ್ಡ ಮೀನೇ ಇತ್ತು. ಅಮ್ಮ ಈಗ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ನಾಳೆ ಸಿಗಡಿ ತಾ," ಎಂದಳು. "ಅದು ನಮಗೆ ಎಂತ ಆಗ್ಬೇಕು?"

ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ತುಂಬ ಬಂಗುಡೆ ತುರುಕಿಕೊಂಡು, ಗೊತ್ತಿಲ್ಲ ಎಂದು ತಲೆಯಾಡಿಸಿದೆ.