ಅಂಕೋಲೆಯ ಬಸ್ಸಿನಲ್ಲಿ ಹಿಮದ ಪುಸ್ತಕ

ಆ ಸೋಮವಾರ ಬೆಳಿಗ್ಗೆ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ನನ್ನ ಗಂಡ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಟ್ಟಿದ್ದರು, ನಾನು ಬೈದೆ. ಡಬ್ಬಿಗೆ ಅವಲಕ್ಕಿ ತುಂಬುವುದನ್ನು ನೋಡಿ, "ನಿನ್ನೆನೂ ಇದೇ ಅಲ್ದಾ?" ಎಂದರು. "ಬೇಕಾದ್ರೆ ತಿನ್ನಿ, ಬ್ಯಾಡಾದ್ರೆ ನಿಮ್ಮ ಬಸ್ಸಿನವ್ರಿಗೆ ಹಂಚಿ" ಎಂದೆ. ನಕ್ಕರು. ಚೀಲದೊಳಗೆ ಡಬ್ಬಿ, ಕೊಡೆ, ಆಗ ಓದುತ್ತಿದ್ದ ಒಂದು ದಪ್ಪ ಪುಸ್ತಕ ಎಲ್ಲ ತುರುಕಿಕೊಂಡು ಬೊಬ್ರುವಾಡದ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಕಾರವಾರದ ಕಚೇರಿಯೊಂದರಲ್ಲಿ ಇವರಿಗೆ ಕೆಲಸ. ಎಷ್ಟೋ ವರ್ಷದಿಂದ ಅಂಕೋಲೆಯಿಂದ ಅದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅಂದು ಮಧ್ಯಾಹ್ನ ಕಚೇರಿಯಲ್ಲಿ ಎದೆ ಹಿಡಿದುಕೊಂಡು ಕುರ್ಚಿಗೆ ಒರಗಿದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹನ್ನೆರಡರ ಕಾರ್ಯ ಕಳೆದ ಮೇಲಿನ ಭಾನುವಾರ ಇಬ್ಬರು ಬಾಳೆಹಣ್ಣು ಹಿಡಿದು ಮನೆಗೆ ಬಂದರು. ಒಬ್ಬರು ಕಾರವಾರದಲ್ಲಿ ಶಾಲೆ ಕಲಿಸುವ ಅಕ್ಕೋರು. ಇನ್ನೊಬ್ಬರು ಬಿಣಗಾದ ಕಾರ್ಖಾನೆಗೆ ಹೋಗುವವರು. ಇಬ್ಬರೂ ಇವರ ಜೊತೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದವರು.

"ನಿಮ್ನ ಕಂಡದ್ದು ಇವತ್ತೇ ಮೊದ್ಲು, ವೈನಿ" ಎಂದರು ಅಕ್ಕೋರು. "ಆದ್ರೆ ನಮ್ಗೆ ಹೊಸಬ್ರು ಅಂತ ಅನ್ಸೂದೇ ಇಲ್ಲ."

ಅದು ಬಾಯಿಮಾತಿನ ಉಪಚಾರವಿರಬೇಕು ಎಂದುಕೊಂಡೆ. ಆಮೇಲೆ ಅವರು ಕತೆಯನ್ನೆಲ್ಲ ಹೇಳಿದರು.

ಆ ಬಸ್ಸಿನಲ್ಲಿ ಓದುವವರು ಆರೇಳು ಮಂದಿ ಇದ್ದರಂತೆ. ಒಳ್ಳೆಯ ಪುಸ್ತಕ ಸಿಕ್ಕಿದವರು ಉಳಿದವರಿಗೆ ಅದನ್ನು ಓದಿ ಎಂದು ಹೇಳುವುದು ಅವರ ರೂಢಿ. ಇವರಿಗೆ ಎಲ್ಲಿಂದಲೋ ಯುರೋಪಿನ ಒಂದು ಹಳೆಯ ಕಾದಂಬರಿಯ ಕನ್ನಡ ಅನುವಾದ ಸಿಕ್ಕಿತು. ಜಗತ್ತೆಲ್ಲ ದೊಡ್ಡದೆಂದು ಒಪ್ಪಿದ ಕಾದಂಬರಿಯಂತೆ. ಓದಿ, ಓದಿ ಎಂದು ಎಲ್ಲರ ಮುಂದೆ ಹಿಡಿದರು. ಅದರ ದಪ್ಪ ನೋಡಿ ಯಾರೂ ಕೈ ಚಾಚಲಿಲ್ಲ. "ಇದ್ನ ಓದೂಕೆ ನಾ ರಿಟೈರ್ ಆಗ್ಬೇಕು" ಎಂದು ಬಿಣಗಾದವರು ನಕ್ಕಿದ್ದರಂತೆ. ಹಾಗಾದರೆ ನಾನೇ ಹೇಳುತ್ತೇನೆ, ರುಚಿ ಹತ್ತಿದರೆ ಓದುತ್ತೀರಿ ಎಂದು ಇವರು ದಿನವೂ ಸ್ವಲ್ಪ ಸ್ವಲ್ಪ ಕತೆ ಹೇಳಲು ಶುರುಮಾಡಿದರು. ಕತೆಯ ತುಂಬ ಹಿಮವೇ ಬೀಳುತ್ತಿದ್ದರಿಂದ ಬಸ್ಸಿನವರು ಅದಕ್ಕೆ ಹಿಮದ ಪುಸ್ತಕ ಎಂದೇ ಹೆಸರಿಟ್ಟರು.

ಇವರು ಪ್ರಾಯದಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಅಲ್ಲಿ ಭಾಗವತರು ಹಾಡುವ ಪದ್ಯ ಪುಸ್ತಕದ್ದು, ಅದಕ್ಕೆ ಆಡುವ ಮಾತು ಅರ್ಥಧಾರಿಯದು. ಆ ಚಟ ಎಲ್ಲಿಗೆ ಹೋಗುತ್ತದೆ?

"ಗಂಡ ಸುಸ್ತಾಗಿ ಬಂದ, ಹೆಂಡ್ತಿ ಬಂಗಡೆ ಹುರ್ದು ನಡೂ ತುಂಡು ಅವ್ನ ಬಟ್ಲಿಗೇ ಹಾಕಿದ್ಲು ಅಂದ್ರು ಒಂದಿನ" ಎಂದರು ಬಿಣಗಾದವರು. "ಹಿಮದೂರಲ್ಲಿ ಬಂಗಡೆ ಎಲ್ಲಿಂದ ಬಂತು ಮಾರಾಯ್ರೆ ಅಂತ ನಾ ಕೇಳ್ದೆ. ಕೊಂಕಣ ರೈಲಲ್ಲಿ ಬಂತು ಅಂದ್ಬಿಟ್ರು!"

ಅಷ್ಟು ದಿನಗಳಲ್ಲಿ ನಾನು ಮೊದಲ ಸಲ ನಕ್ಕೆ.

"ಯಾವಾಗ್ಲೂ ಲುಕ್ಸಾನು ನಂಗೇ, ವೈನಿ. ನಾ ಬಿಣಗಾಕ್ಕೆ ಇಳ್ಯೂದು. ಕತೇಲಿ ಒಳ್ಳೇ ಜಾಗ ಬರೂದು ನಾ ಇಳ್ದ ಮೇಲೆ."

"ಅಷ್ಟು ಆಸೆ ಇದ್ದವ್ರು ಪುಸ್ತಕ ಇಸ್ಕಂಡು ಓದ್ಬೇಕಿತ್ತು" ಎಂದು ಅಕ್ಕೋರು ಚುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಆ ಹೆಂಡ್ತಿ ಯಾರು ಅಂತ ನಮ್ಗೆಲ್ಲ ಗೊತ್ತಿತ್ತು. ಹಾಸ್ಗೆ ಹಿಡ್ದ ಅತ್ತೇನ ಎತ್ತಿ ತಂದು ಬಿಸಿಲಲ್ಲಿ ಕೂರ್ಸಿ, ಒಂದೊಂದೇ ಸಿಕ್ಕು ಬಿಡ್ಸಿ, ಎಣ್ಣೆ ಹಚ್ಚಿ ಜಡೆ ಹಾಕ್ತಿದ್ಲಂತೆ. ಕಣ್ಣಾರೆ ಕಂಡವ್ರಂಗೆ ಹೇಳ್ತ್ರಲ್ಲ ಅಂತ ಕೇಳಿದ್ದಕ್ಕೆ, ಹೌದು, ನಮ್ಮನೇಲೇ ಕಂಡದ್ದು ಅಂದ್ರು."

ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ನನ್ನ ಅತ್ತೆ ಹಾಸಿಗೆ ಹಿಡಿದದ್ದು ನಿಜ. ಗಂಜಿ, ಔಷಧ, ಬಟ್ಟೆ ಎಲ್ಲ ನಾನೇ ನೋಡಿಕೊಂಡೆ, ಆದರೆ ಗೊಣಗುತ್ತಲೇ. ಕೂದಲು ಕತ್ತರಿಸಿಬಿಡೋಣ, ಕೆಲಸ ಕಡಿಮೆಯಾಗುತ್ತದೆ ಎಂದವಳು ನಾನು. ಬೇಡ ಎಂದು ರಜೆಯ ದಿನಗಳಲ್ಲಿ ತಾಯಿಯನ್ನು ಅಂಗಳಕ್ಕೆ ಎತ್ತಿ ತಂದು, ಸಿಕ್ಕು ಬಿಡಿಸಿ ಜಡೆ ಹಾಕುತ್ತಿದ್ದವರು ಇವರು. ಜಡೆ ಸೊಟ್ಟಗಾಗುತ್ತಿತ್ತು, ಅದನ್ನು ನೋಡಿ ನಾನು ನಗುತ್ತಿದ್ದೆ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲುವವರೆಗೂ ನನಗೆ ಹೊರಗೆ ಹೋಗಿ ಅವರ ಮುಖ ನೋಡುವುದು ಹೇಗೆ ಎಂದು ತಿಳಿಯಲಿಲ್ಲ.

ಚಹಾ ಕುಡಿಯುತ್ತ ಅಕ್ಕೋರು ಬಂದ ಕಾರಣ ಹೇಳಿದರು. ಕತೆಯಲ್ಲಿ ಗಂಡ ಜಗಳವಾಡಿ ಊರು ಬಿಟ್ಟು ಹೋಗಿ, ಎಷ್ಟೋ ಕಾಲದ ಮೇಲೆ ಹಿಮದಲ್ಲಿ ನಡೆದು ಬಂದು ತನ್ನ ಮನೆ ಬಾಗಿಲು ಬಡಿಯುತ್ತಾನೆ. ಒಳಗೆ ಹೆಂಡತಿ ಎಚ್ಚರವಾಗಿದ್ದಾಳೆ. ಆ ಸೋಮವಾರ ಬಿಣಗಾ ದಾಟಿ ಬಸ್ಸು ಸುರಂಗ ಹೊಕ್ಕಾಗ ಇವರು ಕತೆಯನ್ನು ಅಲ್ಲಿಗೆ ನಿಲ್ಲಿಸಿದ್ದರು. ಸುರಂಗದಾಚೆ ಕಾರವಾರ.

"ಪುಸ್ತಕ ಕೊಡಿ ವೈನಿ, ಓದ್ತೇವೆ. ಮುಂದೆ ಎಂತ ಆಯ್ತು ಅಂತ ಗೊತ್ತಾಗ್ಬೇಕು."

"ಮೊದ್ಲು ನಾ ಓದ್ತೆ" ಎಂದೆ. ಯಾಕೆ ಹಾಗೆಂದೆನೋ. ಕಚೇರಿಯವರು ತಂದುಕೊಟ್ಟ ಚೀಲದಲ್ಲೇ ಪುಸ್ತಕ ಇತ್ತು.

ನಾನು ಕಲಿತದ್ದು ಹತ್ತನೆಯವರೆಗೆ. ವಾರಪತ್ರಿಕೆ ಬಿಟ್ಟರೆ ಓದಿದ್ದು ಕಡಿಮೆ. ಆ ಹೆಸರುಗಳು ನಾಲಗೆಗೆ ಸಿಗಲಿಲ್ಲ, ಯಾರು ಯಾರ ಮಗ ಎಂಬುದೇ ಮರೆತುಹೋಗುತ್ತಿತ್ತು. ಮಧ್ಯಾಹ್ನ ಊಟದ ಮೇಲೆ ಕೂತು ಓದಿದೆ, ಮರೆತದ್ದನ್ನು ತಿರುವಿ ಮತ್ತೆ ಓದಿದೆ. ಮುಗಿಸಲು ಮಳೆಗಾಲ ಅರ್ಧ ಹೋಯಿತು.

ಪುಸ್ತಕದ ಹೆಂಡತಿ ಬೇರೆಯೇ. ಸಕ್ಕರೆಗೆ ಬೀಗ ಹಾಕುವವಳು. ಗಂಡ ಬೂಟಿನಿಂದ ಹಿಮ ಕೊಡವಲು ಮರೆತರೆ ಅರ್ಧ ದಿನ ಮಾತು ಬಿಡುವವಳು. ಮಹಡಿಯ ಮೇಲೆ ಮಲಗಿದ ಅತ್ತೆ ಕೂಗಿದರೆ ಕೇಳಿಸಬಾರದೆಂದು ಪಾತ್ರೆಗಳನ್ನು ಜೋರಾಗಿ ಕುಕ್ಕುವವಳು. ಆ ಪುಟ ಓದುವಾಗ ನನ್ನ ಕಿವಿ ಬಿಸಿಯಾಯಿತು. ಪಾತ್ರೆ ಕುಕ್ಕುವುದು ನನಗೂ ಬರುತ್ತದೆ.

ಇವರು ಇದನ್ನು ಓದುವಾಗ ನಾನು ಪಕ್ಕದಲ್ಲೇ ಇದ್ದೆ. ಬಟಾಣಿ ಸುಲಿಯುತ್ತಲೋ ಬೈಯುತ್ತಲೋ ಇದ್ದಿರಬೇಕು. ಓದಿ ನನ್ನ ಕಡೆ ನೋಡಿದ್ದರೇ? ನೋಡಿ ಏನೆಂದುಕೊಂಡರು? ಬಸ್ಸಿನಲ್ಲಿ ಆ ಹೆಂಗಸನ್ನು ಅಷ್ಟು ಒಳ್ಳೆಯವಳನ್ನಾಗಿ ಮಾಡಿದ್ದು ನನ್ನ ಮಾನ ಕಾಯಲಿಕ್ಕೋ, ಹೀಗೊಬ್ಬಳು ಇದ್ದಿದ್ದರೆ ಎಂಬ ಆಸೆಗೋ? ಎರಡರಲ್ಲಿ ಯಾವುದಾದರೂ ನನಗೆ ನಾಚಿಕೆಯೇ. ತಾವು ಮಾಡಿದ ಕೆಲಸವನ್ನು ಬಿಚ್ಚಿ ತೆಗೆದು ನನಗೆ ತೊಡಿಸಿ, ಆರೇಳು ಮಂದಿಯ ಮುಂದೆ ನನ್ನನ್ನು ಕೂರಿಸಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ.

ಅಕ್ಕೋರು ಎರಡು ಸಲ ಫೋನ್ ಮಾಡಿದರು. ಇನ್ನೂ ಮುಗಿದಿಲ್ಲ ಎಂದೆ. ಮುಗಿದಿತ್ತು. ಅವರು ಪುಸ್ತಕ ಓದಿದರೆ ಬಂಗಡೆಯ ತುಂಡೂ ಇಲ್ಲ, ಜಡೆಯೂ ಇಲ್ಲ ಎಂದು ತಿಳಿಯುತ್ತದೆ. ಅದಕ್ಕೇ ಕಪಾಟಿನಲ್ಲಿಟ್ಟಿದ್ದೆ. ಕೊನೆಗೆ ಕಪಾಟು ತೆರೆದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗತೊಡಗಿತು. ನಾಲ್ಕು ಜನ ಈ ಪುಸ್ತಕ ಓದಲಿ ಎಂದು ಇವರು ದಿನಾ ಗಂಟಲು ನೋಯಿಸಿಕೊಂಡರು. ಈಗ ಓದುತ್ತೇವೆ ಎಂದು ಬಂದವರಿಗೆ ನಾನು ಅಡ್ಡ ನಿಂತಿದ್ದೆ.

ಒಂದು ಬೆಳಿಗ್ಗೆ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಅದೇ ಬಸ್ಸು ಹತ್ತಿದೆ. ಬಿಣಗಾದವರು ಎದ್ದು ಕಿಟಕಿಯ ಪಕ್ಕ ಜಾಗ ಬಿಟ್ಟುಕೊಟ್ಟರು. ಬಸ್ಸು ಅವರ್ಸಾ ದಾಟಿತು. ಆಮೇಲೆ ಹೇಳಿದೆ:

"ಅತ್ತೆಯವ್ರ ತಲೆ ಬಾಚಿದ್ದು ನಾನಲ್ಲ. ಇವ್ರೇ ಬಾಚಿದ್ದು. ನಾ ಕೂದ್ಲು ಕತ್ತರ್ಸಿ ಅಂದವ್ಳು."

ಅಕ್ಕೋರು ಬಿಣಗಾದವರ ಮುಖ ನೋಡಿದರು. ಅವರು ನಕ್ಕರು. "ಕಂಡ್ರಾ ಅಕ್ಕೋರೆ? ‘ನಮ್ಮನೆಯವ್ಳ ಹತ್ರ ಕೇಳಿದ್ರೆ ಒಪ್ಪೂದೇ ಇಲ್ಲ’ ಅಂತ ಇವ್ರ ಯಜಮಾನ್ರು ಅವಾಗ್ಲೇ ಹೇಳಿದ್ರು."

"ಇಲ್ಲ, ನಿಜ" ಎಂದೆ.

"ಆಯ್ತು ವೈನಿ, ಆಯ್ತು" ಎಂದು ಅಕ್ಕೋರು ನನ್ನ ಕೈ ಸವರಿದರು. ಮಗುವಿನ ಮಾತಿಗೆ ಹೂಂಗುಟ್ಟುವ ಹಾಗೆ.

ಪುಸ್ತಕ ಕೊಟ್ಟೆ. ಬಿಣಗಾದವರು ಅದನ್ನು ಕೈಯಲ್ಲಿ ತೂಗಿ ನೋಡಿ ಅಕ್ಕೋರಿಗೆ ದಾಟಿಸಿದರು. ಮೊದಲು ಓದಿದ್ದು ಅಕ್ಕೋರೇ. ಓದಿ ಮತ್ತೆ ಮನೆಗೆ ಬಂದರು. ಈಗ ತಪ್ಪಿಸಿಕೊಳ್ಳುವಂತಿಲ್ಲ ಎಂದುಕೊಂಡೆ.

"ಪುಸ್ತಕದ ಹೆಂಗ್ಸು ಬಲು ಜೋರು, ಅಲ್ದಾ? ನಿಮ್ಮವ್ರು ಪೂರಾ ಬದ್ಲು ಮಾಡಿ ಹೇಳಿದ್ರು ನೋಡಿ. ಮನೇಲಿ ನಿಮ್ನ ಕಂಡವ್ರಿಗೆ ಅಂಥವ್ಳನ್ನ ಹೇಳೂಕೆ ಬಾಯಿ ಬರ್ಲಿಲ್ಲ ಅಂತ ಕಾಣ್ತದೆ."

ಎರಡನೇ ಸಲ ತಿದ್ದುವ ಶಕ್ತಿ ನನಗಿರಲಿಲ್ಲ. ಈ ಪುಸ್ತಕದ ಬಗ್ಗೆ ನಾಲ್ಕು ಮಾತು ಬರೆದುಕೊಡಿ, ನಮ್ಮ ಬಸ್ಸಿನ ಬಳಗದವರೆಲ್ಲ ಓದಲಿ ಎಂದು ಅವರೇ ಕೇಳಿದರು. ಬಾಯಲ್ಲಿ ಹೇಳಿದ್ದನ್ನು ನಂಬಲಿಲ್ಲ, ಬರೆದದ್ದನ್ನಾದರೂ ನಂಬುತ್ತಾರೆಂದು ಬರೆದಿದ್ದೇನೆ.

ಪುಸ್ತಕ ದಪ್ಪವಿದೆ. ಮೊದಲ ನೂರು ಪುಟ ನಿಧಾನ, ಹೆಸರುಗಳ ಕಾಟವೂ ಇದೆ. ಆದರೂ ಓದಿ. ಆ ಹೆಂಗಸನ್ನು ಬರೆದಾತ ಅವಳನ್ನು ಎಲ್ಲೂ ಬೈದಿಲ್ಲ. ಪಾತ್ರೆ ಕುಕ್ಕಿದ ಮೇಲೆ ಅವಳು ಒಲೆಯ ಮುಂದೆ ಸುಮ್ಮನೆ ನಿಲ್ಲುವುದನ್ನೂ ಬರೆದಿದ್ದಾನೆ. ಅವಳು ನಿಮಗೆ ಮೊದಲಿಗೆ ಇಷ್ಟವಾಗುವುದಿಲ್ಲ. ಅಷ್ಟಕ್ಕೇ ಮುಚ್ಚಿಡಬೇಡಿ.

ಪುಸ್ತಕದಲ್ಲಿ ಅವಳು ಬಾಗಿಲು ತೆರೆಯುವುದಿಲ್ಲ. ಗಂಡ ಸ್ವಲ್ಪ ಹೊತ್ತು ನಿಂತು ಹಿಂದಿರುಗುತ್ತಾನೆ. ಬದುಕಿದ್ದರೆ ಮರುದಿನ ಬಸ್ಸಿನಲ್ಲಿ ಇವರು ಅದನ್ನು ಹಾಗೇ ಹೇಳುತ್ತಿದ್ದರೋ, ಬಾಗಿಲು ತೆರೆಸುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ನನಗೆ ಬೇಕಾಗಿರುವುದು ಅದೊಂದೇ, ಅದು ಸಿಕ್ಕಿಲ್ಲ.