ಗುಂಯ್‌ಗುಡುವ ಕೂಲರೂ ಬಿಲಿನ್ಸ್ಕಿ ನಿಯಮವೂ

ಜನವರಿ ತಿಂಗಳಲ್ಲಿ ಲೂಬಾ ಬಿಲಿನ್ಸ್ಕಿ ತನ್ನ ಅಡುಗೆಮನೆಯಲ್ಲೇ ಕೋಟು, ಉಣ್ಣೆ ಟೊಪ್ಪಿ ತೊಟ್ಟು ಕೂತಿದ್ದಾಳೆಂದರೆ, ಕೆಳಗೆ ನೆಲಮಾಳಿಗೆಯಲ್ಲಿ ಅವಳ ಗಂಡ ಝೆನನ್ ಪರೀಕ್ಷೆ ನಡೆಸುತ್ತಿದ್ದಾನೆಂದು ವಿನಿಪೆಗ್ಗಿನ ಆ ಬೀದಿಗೆಲ್ಲ ಗೊತ್ತು. ಪರೀಕ್ಷೆಯ ಹೊತ್ತಿನಲ್ಲಿ ಮನೆ ಕಾಯಿಸುವ ಫರ್ನೇಸು ಬಂದ್. ಫ್ರಿಜ್ಜು ಬಂದ್. ಗೋಡೆ ಗಡಿಯಾರದ ಬ್ಯಾಟರಿ ಮೇಜಿನ ಮೇಲೆ. ಹಾಲಿನ ಡಬ್ಬಿ ಹಿತ್ತಲ ಮೆಟ್ಟಿಲ ಮೇಲೆ, ಹಿಮದಲ್ಲಿ. ನಿಜ ಹೇಳಬೇಕೆಂದರೆ ಅರ್ಧ ಗಂಟೆಯಲ್ಲಿ ಮನೆ ಅಷ್ಟೇನೂ ತಣ್ಣಗಾಗುವುದಿಲ್ಲ. ಲೂಬಾಳ ಕೋಟು ಚಳಿಗಿಂತ ಹೆಚ್ಚಾಗಿ ಪ್ರತಿಭಟನೆಗೆ.

ಝೆನನ್ ನಗರದ ಬಸ್ಸುಗಳ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಒಮ್ಮೆ ಚರ್ಚಿನ ಹಳೆಯ ಕಂಪ್ಯೂಟರು ಬಿಸಿಯಾಗಿ ಪದೇ ಪದೇ ಆರಿಹೋಗತೊಡಗಿದಾಗ, ಪಾದ್ರಿಗಳು ಇವನನ್ನು ಕರೆಸಿದರು. ಇವನು ಅದರ ಹೊಟ್ಟೆ ಬಿಚ್ಚಿ, ಪ್ರೊಸೆಸರಿನ ತಲೆಯ ಮೇಲೆ ಕೂತಿದ್ದ ಕೂಲರನ್ನು ನೋಡಿದ. ಅಂಗೈಯಗಲದ ಫ್ಯಾನು, ಅದರ ಹಿಂದೆ ಒತ್ತೊತ್ತಾಗಿ ಜೋಡಿಸಿದ ಅಲ್ಯೂಮಿನಿಯಂ ತಗಡುಗಳು, ನಡುವೆ ತಾಮ್ರದ ಕೊಳವೆಗಳು. ಬಸ್ಸಿನ ರೇಡಿಯೇಟರಿಗೆ ಮರಿ ಹುಟ್ಟಿದ್ದರೆ ಹೀಗೇ ಇರುತ್ತಿತ್ತು. ಅಂದಿನಿಂದ ಇವನಿಗೆ ಅದೇ ಹುಚ್ಚು. ಯಾವ ಕಂಪನಿಯ ಕೂಲರು ಎಷ್ಟು ತಂಪು ಮಾಡುತ್ತದೆ, ಎಷ್ಟು ಸದ್ದು ಮಾಡುತ್ತದೆ ಎಂದು ಒಂದೊಂದನ್ನೇ ಅಳೆದು ತನ್ನ ವೆಬ್‌ಸೈಟಿನಲ್ಲಿ ಪಟ್ಟಿ ಹಾಕತೊಡಗಿದ. ಆರು ವರ್ಷದಲ್ಲಿ ಆ ಪಟ್ಟಿಯನ್ನು ನೋಡದೆ ಕೂಲರು ಕೊಳ್ಳದ ಜನ ಖಂಡದ ತುಂಬ ಹುಟ್ಟಿಕೊಂಡರು. ಝೆನನ್ ತನಗೆ ತಾನೇ 'ಮುಖ್ಯ ಪರೀಕ್ಷಕ' ಎಂಬ ಹುದ್ದೆ ಕೊಟ್ಟುಕೊಂಡ. ಸಂಸ್ಥೆಯಲ್ಲಿ ಬೇರೆ ಪರೀಕ್ಷಕರು ಇರಲಿಲ್ಲ ಎಂಬುದು ಆ ಹುದ್ದೆಗೆ ಅಡ್ಡಿಯಾಗಲಿಲ್ಲ.

ಅಷ್ಟಕ್ಕೇ ನಿಲ್ಲದೆ ಅವನೊಂದು ನಿಯಮವನ್ನೂ ಕಂಡುಹಿಡಿದಿದ್ದ. ಚೆನ್ನಾಗಿ ತಂಪು ಮಾಡುವ ಕೂಲರುಗಳೆಲ್ಲ ಯಾಕೋ ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತವೆ. ಕೆಲಸಕ್ಕೆ ಬಾರದವು ತೆಪ್ಪಗಿರುತ್ತವೆ. ಸರಿ, ತಂಪು ಹೆಚ್ಚಿದಷ್ಟೂ ಗುಂಯ್ ಹೆಚ್ಚುತ್ತದೆ ಎಂದು ಪಟ್ಟಿಯ ಆಧಾರದ ಮೇಲೆ ಸಾರಿ, ಅದಕ್ಕೆ 'ಬಿಲಿನ್ಸ್ಕಿ ನಿಯಮ' ಎಂದು ಹೆಸರಿಟ್ಟ. ಯಾಕೆ ಹೀಗೆ ಎಂದು ಓದುಗರು ಕೇಳಿದರೆ, ತಾಮ್ರದ ಕೊಳವೆಯೊಳಗಿನ ಆವಿಯ ಬಗ್ಗೆ ಮೂರು ಪುಟ ಬರೆದು ಅವರ ಬಾಯಿ ಮುಚ್ಚಿಸುತ್ತಿದ್ದ.

ಕಳೆದ ತಿಂಗಳು ಈ ನಿಯಮಕ್ಕೆ ಸಿಕ್ಕಿದ್ದು ಗಿಮ್ಲಿ ಎಂಬ ಸರೋವರದೂರಿನ ಒಂದು ಕೂಲರು. ಅಲ್ಲಿನ ಐಸ್‌ಲ್ಯಾಂಡ್ ಮೂಲದ ಅಣ್ಣ ತಂಗಿ ತಮ್ಮ ಮೀನಿನ ಶೆಡ್ಡಿನಲ್ಲೇ ಅದನ್ನು ತಯಾರಿಸಿದ್ದರು. "ತಂಪಿನಲ್ಲಿ ಅದ್ಭುತ, ಸದ್ದಿನಲ್ಲಿ ಜೇನುಗೂಡು" ಎಂದು ಝೆನನ್ ತೀರ್ಪು ಬರೆದ. ಅದನ್ನು ಮಾರಲು ಒಪ್ಪಿದ್ದ ಟೊರಾಂಟೊದ ದೊಡ್ಡ ಅಂಗಡಿಯವರು ತಕ್ಷಣ ಹಿಂಜರಿದರು. ಮರುಪರೀಕ್ಷೆ ಆಗಲಿ, ಆಮೇಲೆ ನೋಡೋಣ ಎಂದರು.

ಹಾಗಾಗಿ ಒಂದು ಶುಕ್ರವಾರ ಮಧ್ಯಾಹ್ನ ತಂಗಿ ಸಿಗ್ರಿಡ್ ಥೋರ್ವಾಲ್ಡ್‌ಸನ್ ಒಂದು ಕೈಯಲ್ಲಿ ಹೊಸ ಕೂಲರು, ಇನ್ನೊಂದು ಕೈಯಲ್ಲಿ ಒಣ ಪ್ಲಮ್ ಹಣ್ಣು ತುಂಬಿದ ಪದರ ಪದರದ ಕೇಕು ಹಿಡಿದು ಬಿಲಿನ್ಸ್ಕಿಯ ಬಾಗಿಲಲ್ಲಿ ನಿಂತಳು.

"ಕೇಕು ಬೇಡಮ್ಮ," ಎಂದ ಝೆನನ್. "ತೀರ್ಪಿಗೆ ಮುಂಚೆ ನಾನು ಯಾರ ಕೈಯಿಂದಲೂ ಏನೂ ತಗೊಳ್ಳಲ್ಲ."

"ನಾನು ತಗೋತೀನಿ," ಎಂದಳು ಲೂಬಾ, ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ನಾನೇನು ತೀರ್ಪು ಕೊಡಲ್ವಲ್ಲ."

ನೆಲಮಾಳಿಗೆಯ ಮೆಟ್ಟಿಲಿಳಿಯುತ್ತ ಸಿಗ್ರಿಡ್ ಹೇಳಿದಳು: "ಬಿಲಿನ್ಸ್ಕಿಯವರೇ, ನಮ್ಮ ಶೆಡ್ಡಲ್ಲಿ ನೊಣ ಹಾರಿದ್ರೂ ಕೇಳಿಸುತ್ತೆ. ಅಲ್ಲಿ ಇದು ಒಂದು ಚೂರೂ ಸದ್ದು ಮಾಡಲ್ಲ. ಇವತ್ತೂ ನೀವು ಜೇನುಗೂಡು ಅಂದ್ರೆ ನಮ್ಮ ಅಣ್ಣ ವಾಪಸ್ ಮೀನು ಸೀಳೋಕೆ, ನಾನು ವಾಪಸ್ ಬ್ಯಾಂಕಿನ ಕೌಂಟರಿಗೆ."

"ನನ್ನ ಕೈಯಲ್ಲಿ ಏನಿದೆಯಮ್ಮ? ಅಳೆಯೋದು ಯಂತ್ರ. ನಾನು ನಿಮಿತ್ತ ಮಾತ್ರ," ಎಂದ ಝೆನನ್, ತಾನೇನೂ ನಿಮಿತ್ತ ಮಾತ್ರ ಅಲ್ಲ ಎಂಬ ಧ್ವನಿಯಲ್ಲಿ.

ಅವನ ಕೆಲಸದಲ್ಲಿ ಮಾತ್ರ ಯಾರೂ ಕೊಂಕು ತೆಗೆಯುವಂತಿರಲಿಲ್ಲ. ಶಾಖ ದಾಟಿಸುವ ಪೇಸ್ಟನ್ನು ಬಟಾಣಿ ಕಾಳಿನಷ್ಟು ಪ್ರೊಸೆಸರಿನ ನಡುಮಧ್ಯೆ ಇಟ್ಟ. ಕೂಲರಿನ ತಳಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು, ಕಿತ್ತದ್ದನ್ನು ಸಾಕ್ಷಿಗೆಂದು ಸಿಗ್ರಿಡ್‌ಗೆ ತೋರಿಸಿದ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದ. ಕೋಣೆ ಇಪ್ಪತ್ತೆರಡು ಡಿಗ್ರಿಗೆ ಬಂದು ನಿಂತಾಗ "ಲೂಬಾ, ಎಲ್ಲಾ ಬಂದ್!" ಎಂದು ಕೂಗಿದ. ಫರ್ನೇಸು ನಿಂತಿತು, ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಸದ್ದು ಅಳೆಯುವ ಮೀಟರು ಪಾತಾಳಕ್ಕಿಳಿಯಿತು. ಝೆನನ್ ಕಂಪ್ಯೂಟರಿಗೆ ಮೈಮುರಿಯುವಂಥ ಲೆಕ್ಕಗಳನ್ನು ಕೊಟ್ಟು, ಪ್ರೊಸೆಸರು ಕಾಯಲು ಬಿಟ್ಟು, ಪರದೆಯ ಮುಂದೆ ಕೂತ.

ಬಿಸಿ ಏರಿತು, ಏರಿತು, ನಿಂತಿತು. ಅವನು ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಕೆಳಗೆ ನಿಂತಿತು. ಝೆನನ್‌ನ ಹುಬ್ಬುಗಳು ಮೇಲೆದ್ದವು. ಬಸ್ಸಿನ ಎಂಜಿನ್ನು ಮೊದಲ ತಿರುವಿಗೇ ಹತ್ತಿಕೊಂಡಾಗ ಮೆಕ್ಯಾನಿಕ್ಕನ ಎದೆಯಲ್ಲಿ ಆಗುವಂಥದೇ ಒಂದು ಸುಖ ಅವನ ಮೈತುಂಬ ಹರಿಯಿತು. ಅದೇ ಹೊತ್ತಿಗೆ ಮೀಟರಿನ ಅಂಕಿ ಚಂಗನೆ ಮೇಲಕ್ಕೆ ಹಾರಿತು.

"ನೋಡಿದ್ಯಾ?" ಎಂದ ಝೆನನ್, ನಿಜವಾಗಿಯೂ ವ್ಯಥೆಯಿಂದ. "ಇಷ್ಟು ಒಳ್ಳೇ ಕೂಲರು. ಆದ್ರೆ ನಿಯಮ ಯಾರನ್ನೂ ಬಿಡಲ್ಲ."

ಸಿಗ್ರಿಡ್ ಮೀಟರನ್ನು ನೋಡುತ್ತಿರಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

"ನೀವು ಹಾಡ್ತಾ ಇದ್ರಿ," ಎಂದಳು.

"ಯಾರು?"

"ನೀವೇ. ಬಾಯಿ ಮುಚ್ಕೊಂಡು. ಗುಂಯ್ ಅಂತ. ಈಗ ಮಾತಾಡಿದ್ರಿ ನೋಡಿ, ಅದಕ್ಕೆ ನಿಂತಿದೆ."

"ಹೆಂಗೆ ಹೇಳ್ತೀಯಮ್ಮ! ಆರು ವರ್ಷದಿಂದ ಈ ಕುರ್ಚಿಯಲ್ಲಿ ಕೂತು ನಾನು ಉಸಿರನ್ನೂ ಹಿಡಿದು... ಲೂಬಾ! ಇಲ್ಲಿ ಬಾ! ನಾನು ಯಾವತ್ತಾದ್ರೂ ಹಾಡಿದ್ದು ಕೇಳಿದ್ದೀಯಾ?"

ಲೂಬಾ ಬಾಯಲ್ಲಿ ಕೇಕು ಇಟ್ಟುಕೊಂಡೇ ಇಳಿದು ಬಂದಳು. "ಹಾಡಿದ್ದಾ? ಇಲ್ಲ. ಗುನುಗಿದ್ದು ಕೇಳಿದ್ದೀನಿ. ಮದುವೆ ಆದಾಗಿಂದ."

ಝೆನನ್ ಗರಬಡಿದವನಂತಾದ. "ಏನು ಗುನುಗ್ತೀನಿ?"

"ಕ್ರಿಸ್ಮಸ್ ಹಾಡು. ಬೇಸಿಗೇಲೂ ಅದೇ. ಖುಷಿಯಾದಾಗ."

ದಾಖಲೆಗೆಂದು ಮಾಡಿಟ್ಟು ಒಮ್ಮೆಯೂ ಕೇಳಿರದ ಹಳೆಯ ಪರೀಕ್ಷೆಗಳ ಧ್ವನಿಮುದ್ರಣಗಳನ್ನು ಝೆನನ್ ತೆಗೆದು ಒಂದೊಂದಾಗಿ ಹಾಕಿದ. ಅವನನ್ನು ನಿರಾಶೆಗೊಳಿಸಿದ ದರಿದ್ರ ಕೂಲರುಗಳಲ್ಲಿ ಬರೀ ಫ್ಯಾನಿನ ಗಾಳಿ. ಅವನು ಮೆಚ್ಚಿದವುಗಳಲ್ಲಿ, ಗಾಳಿಯ ಹಿಂದೆ, ಸಣ್ಣಗೆ, ಶ್ರುತಿ ಸ್ವಲ್ಪ ತಪ್ಪಿ, ದೇವರ ಮಗು ಹುಟ್ಟಿದ ಸಂತೋಷ. ತುಂಬ ಮೆಚ್ಚಿದವುಗಳಲ್ಲಿ ಎರಡನೆಯ ಚರಣವೂ ಇತ್ತು. ಬಿಲಿನ್ಸ್ಕಿ ನಿಯಮ ನೂರಕ್ಕೆ ನೂರು ನಿಜವಾಗಿತ್ತು. ತಾಮ್ರದ ಕೊಳವೆಗೂ ಅದಕ್ಕೂ ಮಾತ್ರ ಸಂಬಂಧವಿರಲಿಲ್ಲ.

"ಇಷ್ಟು ವರ್ಷ ಗೊತ್ತಿದ್ದೂ ಹೇಳಲಿಲ್ಲವಲ್ಲೇ ನೀನು!" ಎಂದ ಹೆಂಡತಿಗೆ.

"ನಿನ್ನ ಮೀಟರಿನ ಕಥೆ ನನಗೇನು ಗೊತ್ತು ಮಾರಾಯ? ಪರೀಕ್ಷೆ ಅಂದ್ರೆ ನಾನು ಮೇಲೆ ಕೂತಿರ್ತೀನಿ. ಇನ್ನು ಗುನುಗೋದು... ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ನನ್ನ ಬೋರ್ಷ್ ಸಾರು ಚೆನ್ನಾಗಾಗಿದೆ ಅಂತ ನೀನು ಯಾವತ್ತು ಬಾಯಿಬಿಟ್ಟು ಹೇಳಿದ್ದೀಯ? ಎರಡು ಚಮಚ ಕುಡಿದ ಮೇಲೆ ಗುನುಗಿದ್ರೆ ಸರಿಯಾಗಿದೆ, ಇಲ್ಲಾಂದ್ರೆ ಉಪ್ಪು ಹಾಕ್ಬೇಕು. ನನಗಿದ್ದ ಮೀಟರು ಅದೊಂದೇ."

ಸಿಗ್ರಿಡ್ ನಡುವೆ ಬಾಯಿ ಹಾಕಿದಳು. "ಬಿಲಿನ್ಸ್ಕಿಯವರೇ, ಇನ್ನೊಂದು ಸಲ ಅಳೀತೀರಾ? ಟೊರಾಂಟೊದವರು ಸಂಜೆವರೆಗೆ ಕಾಯ್ತಾರೆ."

ಅಳೆಯಬೇಕಾಯಿತು. ಬಾಯಿ ಕಟ್ಟಲು ಮೊದಲು ಕೇಕಿನ ತುಂಡನ್ನೇ ತುರುಕಿ ನೋಡಿದರು. ಕೇಕು ತೀರ ಚೆನ್ನಾಗಿದ್ದುದರಿಂದ ಅವನು ಮೂಗಿನಲ್ಲೇ ಶುರುಮಾಡಿದ. ಕೊನೆಗೆ ಲೂಬಾ ತನ್ನ ಕೋಟು ಬಿಚ್ಚಿ ಗಂಡನ ಹೆಗಲಿಗೆ ಹಾಕಿದಳು.

"ಆಚೆ ಹೋಗು. ಮೀಟರು ನಾನು ನೋಡ್ತೀನಿ."

"ಆಚೆ ಮೈನಸ್ ಮೂವತ್ತಿದೆ!"

"ತಂಪಿನ ವಿಷಯದಲ್ಲಿ ನಿನ್ನಷ್ಟು ತಿಳಿದವರು ಈ ಖಂಡದಲ್ಲೇ ಇಲ್ವಂತಲ್ಲ. ನಡಿ."

ಮುಖ್ಯ ಪರೀಕ್ಷಕರು ಹೆಂಡತಿಯ ನೇರಳೆ ಕೋಟಿನಲ್ಲಿ ಹಿತ್ತಲ ಹಿಮದೊಳಗೆ, ಹಾಲಿನ ಡಬ್ಬಿಯ ಪಕ್ಕ ನಿಂತರು. ಬೇಲಿಯಾಚೆ ಹಿಮ ಎತ್ತುತ್ತಿದ್ದ ಪಕ್ಕದ ಮನೆಯಾತ ಸನಿಕೆಗೆ ಗಲ್ಲ ಊರಿ ಕೇಳಿದ: "ಏನಪ್ಪಾ ಝೆನನ್, ಮನೆಯಿಂದ ಓಡಿಸಿದ್ಲಾ?"

"ವೈಜ್ಞಾನಿಕ ಕಾರಣ," ಎಂದ ಝೆನನ್. ಆಮೇಲೆ ಮಂಡಿಯೂರಿ ನೆಲಮಾಳಿಗೆಯ ಕಿರುಗಿಟಕಿಯ ಜೋಡಿ ಗಾಜಿನಿಂದ ಒಳಗೆ ಇಣುಕಿದ. ಪರದೆಯಲ್ಲಿ ಬಿಸಿ ಮೊದಲಿನ ಜಾಗದಲ್ಲೇ ಬಂದು ನಿಂತಿತು. ಲೂಬಾ ಮೀಟರನ್ನು ಗಾಜಿನ ಕಡೆ ತಿರುಗಿಸಿದಳು. ಅವನ ಪಟ್ಟಿಯಲ್ಲೇ ಇಲ್ಲದಷ್ಟು ಸಣ್ಣ ಅಂಕಿ. ಒಳಗೆ ಸಿಗ್ರಿಡ್ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ನಿಂತಲ್ಲೇ ಕುಣಿಯುತ್ತಿದ್ದಳು, ಮೀಟರಿಗೆ ಕೇಳಿಸದ ಹಾಗೆ. ಹೊರಗೆ ಪಕ್ಕದ ಮನೆಯಾತನಿಗೆ ಕ್ರಿಸ್ಮಸ್ ಹಾಡು ಎರಡನೆಯ ಚರಣ ಮುಗಿದು ಮೂರನೆಯದಕ್ಕೆ ಹೋಗುವವರೆಗೂ ಕೇಳಿಸಿತು.

ಕತ್ತಲಾಗುವ ಮುಂಚೆ ವೆಬ್‌ಸೈಟಿನಲ್ಲಿ ಪ್ರಕಟಣೆ ಬಂತು: ಗಿಮ್ಲಿಯ ಕೂಲರು ಪಟ್ಟಿಯಲ್ಲಿ ಮೊದಲನೆಯದು, ಬಿಲಿನ್ಸ್ಕಿ ನಿಯಮವನ್ನು ಹಿಂಪಡೆಯಲಾಗಿದೆ, ಪ್ರಯೋಗಾಲಯದ ಒಂದು ಹಳೆಯ ಉಪಕರಣದಲ್ಲಿ ದೋಷ ಕಂಡುಬಂದುದರಿಂದ ಅದನ್ನು ಕಟ್ಟಡದ ಹೊರಗೆ ಸ್ಥಳಾಂತರಿಸಲಾಗಿದ್ದು, ಎಲ್ಲ ಕೂಲರುಗಳ ಮರುಪರೀಕ್ಷೆ ನಡೆಯಲಿದೆ. ಟೊರಾಂಟೊದ ಅಂಗಡಿಯವರು ಕೂಡಲೇ ಫೋನು ಮಾಡಿದರು. ಸಿಗ್ರಿಡ್ ಅಣ್ಣನಿಗೆ ಫೋನಿನಲ್ಲಿ ಸುದ್ದಿ ಹೇಳಿದಳು. ಆ ಕಡೆಯ ಕೂಗಿಗೆ ಲೂಬಾ ಒಲೆಯ ಹತ್ತಿರದಿಂದಲೇ ತಿರುಗಿ ನೋಡಿದಳು.

ಊಟಕ್ಕೆ ಸಿಗ್ರಿಡ್‌ಳನ್ನೂ ಕೂರಿಸಿಕೊಂಡರು. ಝೆನನ್ ಎರಡು ಚಮಚ ಬೋರ್ಷ್ ಕುಡಿದ. ಮೂರು ಕುಡಿದ. ಸದ್ದಿಲ್ಲ. ತುಟಿ ಬಿಗಿಹಿಡಿದು, ತನ್ನನ್ನೇ ತಾನು ಕಾವಲು ಕಾಯುತ್ತ ಕೂತಿದ್ದ. ಲೂಬಾಳ ಮುಖ ಸಣ್ಣಗಾಯಿತು. ಅವಳ ಕೈ ಉಪ್ಪಿನ ಡಬ್ಬಿಯ ಕಡೆ ಹೋಯಿತು.

"ಚೆನ್ನಾಗಿದೆ," ಎಂದ ಝೆನನ್, ಬಾಯಿಬಿಟ್ಟು, ಕಿವಿ ಕೆಂಪಗೆ ಮಾಡಿಕೊಂಡು.

"ಬಾಯಲ್ಲಿ ಹೇಳಿದ್ದನ್ನ ನಾನು ನಂಬಲ್ಲ," ಎಂದಳು ಲೂಬಾ.

ಅವನು ಸಿಗ್ರಿಡ್ ಕಡೆ ನೋಡಿದ. ಸಿಗ್ರಿಡ್ ತಟ್ಟನೆ ತನ್ನ ತಟ್ಟೆಯನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು. ಝೆನನ್ ನಾಲ್ಕನೆಯ ಚಮಚ ಬಾಯಿಗಿಟ್ಟ. ಫ್ರಿಜ್ಜು ಗುರುಗುಡುತ್ತಿತ್ತು, ಫರ್ನೇಸು ಉಸಿರುಬಿಡುತ್ತಿತ್ತು, ಬ್ಯಾಟರಿ ಮರಳಿ ಪಡೆದ ಗಡಿಯಾರ ಟಿಕಟಿಕ ಎನ್ನುತ್ತಿತ್ತು. ಅಷ್ಟೆಲ್ಲ ಗದ್ದಲದ ನಡುವೆಯೂ ಲೂಬಾಳಿಗೆ ಬೇಕಾದದ್ದು ಕೇಳಿಸಿತು. ಅವಳು ಉಪ್ಪಿನ ಡಬ್ಬಿಯನ್ನು ತಗೊಂಡು ಹೋಗಿ ಕಪಾಟಿನಲ್ಲಿಟ್ಟಳು.