ಅನುಮಾನದಕ್ಕನ ಗಂಟು

"ಹಗ್ಗ ಕಂಡು ಹಾವು ಅಂತ ಹೆದರೋರು ಲೋಕದಲ್ಲಿದ್ದಾರೆ. ಈ ಅಕ್ಕ ಹಾವು ಕಂಡರೂ ಇದು ನಿಜವಾದ ಹಾವೇನಾ ಅಂತ ಬಾಲ ಎಳೆದು ನೋಡ್ತಾಳೆ" ಎಂದು ನಮ್ಮ ಓಣಿಯವರು ಹೇಳುತ್ತಿದ್ದರು. ಬೀಗ ಹಾಕಿ ಎರಡು ಸಲ ಎಳೆಯುವಳು. ಗೇಟಿನವರೆಗೆ ಹೋಗಿ, ವಾಪಸು ಬಂದು, ಮೂರನೆಯ ಸಲ ಎಳೆಯುವಳು. ಹಾಲಿನವನ ಅಳತೆ, ಡಾಕ್ಟರು ಕೊಟ್ಟ ಗುಳಿಗೆ, ಕೊನೆಗೆ ಅಂಚೆಯವನ ನಗು, ಒಂದನ್ನೂ ಸುಮ್ಮನೆ ನಂಬಿದವಳಲ್ಲ. "ಆ ಮನೇಲಿ ಅನುಮಾನಕ್ಕೆ ಸಿಗದೆ ಓಡಾಡೋಳು ತಂಗಿ ಒಬ್ಬಳೇ" ಎನ್ನುತ್ತಿದ್ದ ಇಸ್ತ್ರಿಯವನು.

ಮನೆಯಲ್ಲಿ ಇದ್ದವರು ಇವರಿಬ್ಬರೇ. ಅಮ್ಮ ಬಟ್ಟೆ ಹೊಲಿದು ಸಾಕಿದ್ದಳು. ಹೋಗುವಾಗ ಎರಡು ಕೋಣೆಯ ಮನೆಯನ್ನು ಇಬ್ಬರಿಗೂ ಅರ್ಧರ್ಧ ಬರೆದಿಟ್ಟು ಹೋದಳು. ಇಬ್ಬರಿಗೂ ಒಂದೇ ವಿಮಾ ಕಚೇರಿಯಲ್ಲಿ ಕೆಲಸ. ತಂಗಿ ಮ್ಯಾನೇಜರರ ಟೈಪಿಸ್ಟು. ಅಕ್ಕ ಮರುವಿಮೆಯ ಗುಮಾಸ್ತೆ.

ಹಾಗಂದರೇನು ಎಂದು ಕಿರಾಣಿಯವನು ಒಮ್ಮೆ ಕೇಳಿದ.

"ನಿನ್ನ ಅಂಗಡಿಗೆ ನಮ್ಮ ಕಂಪನಿ ವಿಮೆ ಮಾಡ್ತು ಅಂತ ಇಟ್ಕೋ. ಪೂರ್ತಿ ಹೊರೆ ಹೊರೋ ತಾಕತ್ತು ನಮಗಿಲ್ಲ. ಹತ್ತು ಪಾಲಲ್ಲಿ ಎರಡು ನಾವಿಟ್ಕೊಂಡು ಎಂಟು ದೂರದ ದೊಡ್ಡ ಕಂಪನಿಗೆ ದಾಟಿಸ್ತೀವಿ. ನೀನು ಕಟ್ಟೋ ಪ್ರೀಮಿಯಂನಲ್ಲಿ ಅವರಿಗೆ ಎಂಟು ಪಾಲು. ನಾಳೆ ಅಂಗಡಿ ಸುಟ್ಟರೆ ನಷ್ಟದಲ್ಲೂ ಅವರಿಗೆ ಎಂಟೇ ಪಾಲು."

"ನನ್ನ ಅಂಗಡಿ ಯಾಕಕ್ಕಾ ಸುಡ್ತೀಯ?"

"ನಾನ್ಯಾಕೆ ಸುಡಲಿ? ನೀನೇ ಸುಟ್ಕೋತೀಯೇನೋ ಅಂತ ಸಣ್ಣ ಅನುಮಾನ, ಅಷ್ಟೇ."

ಒಂದೊಂದು ಕಟ್ಟಡಕ್ಕೂ ಒಂದೊಂದು ಕಾರ್ಡು. ನಮಗೆಷ್ಟು, ಅವರಿಗೆಷ್ಟು ಎಂದು ವಿಮೆ ಮಾಡಿದ ದಿನವೇ ಅದರಲ್ಲಿ ಬರೆಯಬೇಕು. ಬೆಂಕಿ ಬಿದ್ದಮೇಲೆ ಯಾರಾದರೂ ಅಂಕಿ ತಿದ್ದಿ ಅವರ ಪಾಲನ್ನು ಹಿಗ್ಗಿಸಿದರೆ, ದೂರದಲ್ಲಿ ಕೂತವರಿಗೆ ತಿಳಿಯುವುದಾದರೂ ಹೇಗೆ? ಅಕ್ಕನ ನಿದ್ದೆಗೆಡಿಸುತ್ತಿದ್ದ ಅನುಮಾನ ಇದೇ. ಹಾಗಾಗಿ ದಿನಾ ಸಂಜೆ ಆ ದಿನದ ಕಾರ್ಡುಗಳಿಗೆ ತೂತು ಹೊಡೆದು, ದಾರ ಪೋಣಿಸಿ, ಗಂಟು ಹಾಕುವಳು. ಅಂತಿಂಥ ಗಂಟಲ್ಲ. ಕತ್ತರಿಸಿದ ಬಟ್ಟೆ ಅದಲುಬದಲಾಗದಿರಲೆಂದು ಅಮ್ಮ ಹಾಕುತ್ತಿದ್ದ ಗಂಟು: ಎಡಗೈಯಿಂದ ಎರಡು ಸುತ್ತು, ತುದಿ ಅಡಿಯಲ್ಲಿ ಮಾಯ. ಕಲಿಯದವರ ಕೈಗೆ ಬಾರದು.

ದೊಡ್ಡ ಕಂಪನಿಯಿಂದ ವರ್ಷಕ್ಕೊಮ್ಮೆ ತಪಾಸಣೆಯವರು ಬರುತ್ತಿದ್ದರು. ಕಟ್ಟುಗಳನ್ನು ನೋಡಿ, "ಈ ಗಂಟಿದ್ದರೆ ನಾನು ಬಿಚ್ಚೋದಿಲ್ಲಮ್ಮ. ಚಹಾ ತರಿಸಿ" ಎನ್ನುವರು. ಇಷ್ಟೊಂದು ಯಾಕೆ ನಂಬುತ್ತಾರೆ ಎಂದು ಅಕ್ಕನಿಗೆ ಅದೂ ಒಂದು ಅನುಮಾನ.

ಆ ವರ್ಷ ಅವರು ಬರುವುದಕ್ಕೆ ನಾಲ್ಕು ದಿನ ಮುಂಚೆ ಬಣ್ಣದ ಗೋದಾಮೊಂದು ಸುಟ್ಟು ಬೂದಿಯಾಯಿತು. ಮರುದಿನ ಅಕ್ಕ ಆ ಕಟ್ಟು ತೆಗೆದಳು. ಗಂಟನ್ನು ಎರಡು ಸಲ ಎಳೆದಳು, ಗಟ್ಟಿಯಾಗಿತ್ತು. ಬಿಚ್ಚಿ ಕಾರ್ಡು ನೋಡಿದಳು. ನಮಗೆ ಒಂದು, ಅವರಿಗೆ ಒಂಬತ್ತು ಎಂದಿದೆ. ಅವಳು ಬರೆದಿದ್ದು ಐದು, ಐದು. ಮರೆಯುವ ಮಾತೇ ಇಲ್ಲ. "ಒಳ್ಳೆ ಗೋದಾಮು, ಪ್ರೀಮಿಯಂ ಯಾಕೆ ಪರರ ಪಾಲು ಮಾಡ್ತೀರಿ, ಅರ್ಧ ನಾವೇ ಇಟ್ಕೊಳ್ಳೋಣ" ಎಂದು ಮ್ಯಾನೇಜರು ಹಟ ಹಿಡಿದಿದ್ದರು. ಬಣ್ಣ ಬೇಗ ಹೊತ್ತಿಕೊಳ್ಳುತ್ತದೆ ಎಂದು ಇವಳು ಜಗಳವಾಡಿ ಸೋತಿದ್ದಳು.

ಕಟ್ಟನ್ನು ಮತ್ತೆ ಹಾಗೇ ಕಟ್ಟಿಟ್ಟಳು. ಆಮೇಲೆ ಶುರುವಾಯಿತು ನೋಡಿ. ಹಳೆಯ ಕಾಗದದ ಕಂತೆ ಹಿಡಿದು ಕಚೇರಿಯೆಲ್ಲ ಸುತ್ತಿದಳು. "ಕೈ ನೋಯ್ತಿದೆ, ಇದನ್ನೊಂದು ಕಟ್ಟಿಕೊಡ್ತೀರಾ?" ಜವಾನ ದನ ಕಟ್ಟುವ ಹಾಗೆ ಕಟ್ಟಿದ. ಏಜೆಂಟು ಕಟ್ಟಿದ್ದು ಕಟ್ಟುತ್ತಲೇ ಬಿಚ್ಚಿಕೊಂಡಿತು. ಮ್ಯಾನೇಜರು ಬೂಟಿನ ಲಾಡಿಯಂತೆ ಹೂವು ಬಿಟ್ಟು ಕಟ್ಟಿ, "ಏನಮ್ಮ, ಮದುವೆ ಉಡುಗೊರೆಯಾ?" ಎಂದರು. ಅಮ್ಮನ ಗಂಟು ಒಬ್ಬರಿಗೂ ಬರಲಿಲ್ಲ.

ಸಂಜೆ ಮನೆಗೆ ಬಂದಳು. ಅಡುಗೆಮನೆಯಲ್ಲಿ ತಂಗಿ ಹಿಟ್ಟಿನ ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಎಡಗೈಯಿಂದ ಎರಡು ಸುತ್ತು, ತುದಿ ಅಡಿಯಲ್ಲಿ ಮಾಯ.

ಅಕ್ಕನಿಗೆ ಗೊತ್ತಿರಲಿಲ್ಲವೆಂದಲ್ಲ. ಕಳ್ಳರನ್ನು ಎಣಿಸುವಾಗ ತಂಗಿಯನ್ನು ಬಿಟ್ಟು ಎಣಿಸಿದ್ದಳು.

"ಚಿಕ್ಕಿ, ಯಾವಾಗ ಬಿಚ್ಚಿದೆ?"

"ಯಾವ ಕಾರ್ಡು?"

"ನಾನಿನ್ನೂ ಕಾರ್ಡು ಅಂದೇ ಇಲ್ಲವಲ್ಲೇ."

ತಂಗಿ ಡಬ್ಬಿ ಕೆಳಗಿಟ್ಟಳು. "ಸಾಹೇಬ್ರು ಹೇಳಿದ್ರು. ಅರ್ಧ ನಷ್ಟ ನಮ್ಮ ತಲೆ ಮೇಲೆ ಬಿದ್ರೆ ಶಾಖೆ ಮುಚ್ತಾರಂತೆ. ಮೊದಲು ಮನೆಗೆ ಕಳಿಸೋದು ನಿನ್ನನ್ನಂತೆ. ಆ ದೊಡ್ಡ ಕಂಪನಿಗೆ ಇದೆಲ್ಲ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಸುಮ್ಮನಿದ್ದುಬಿಡಕ್ಕ."

"ಅವರು ಈ ಗಂಟು ನೋಡಿ ನಂಬ್ತಾರೆ ಕಣೆ."

"ನೀನು ಯಾರನ್ನೂ ನಂಬಲ್ಲ. ನಿನ್ನನ್ನ ಯಾರೋ ನಂಬ್ತಾರೆ ಅಂತ ನನ್ನನ್ನ ಬೀದಿಗೆ ತಳ್ತೀಯ?"

ಮುಂದಿನ ಎರಡು ದಿನ ಆ ಮನೆಯಲ್ಲಿ ಪಾತ್ರೆಗಳದ್ದೇ ಮಾತು.

ತಪಾಸಣೆಯವರು ಬಂದರು. ಕಟ್ಟು ನೋಡಿದರು, ಚಹಾ ತರಿಸಿ ಎಂದರು. ಮ್ಯಾನೇಜರರ ಮುಖ ಅರಳಿತು.

"ಈ ಸಲ ಬಿಚ್ಚಿ ನೋಡಿ ಸಾರ್" ಎಂದಳು ಅಕ್ಕ.

"ಯಾಕಮ್ಮ, ನಿಮ್ಮದೇ ಗಂಟಲ್ವಾ?"

"ನಮ್ಮನೇದೇ. ಅದಕ್ಕೇ ಹೇಳ್ತಿದೀನಿ. ಬಣ್ಣದ ಗೋದಾಮಿಗೆ ನಾನು ಬರೆದಿದ್ದು ಐದು, ಐದು."

ಪಕ್ಕದ ಕೋಣೆಯ ಟೈಪ್‌ರೈಟರು ನಿಂತಿತು.

ಕಂಪನಿ ತನ್ನ ಅರ್ಧ ನಷ್ಟವನ್ನು ತಾನೇ ಕೊಟ್ಟಿತು. ಶಾಖೆಯನ್ನೇನೂ ಮುಚ್ಚಲಿಲ್ಲ, ಮ್ಯಾನೇಜರರನ್ನು ಇದಕ್ಕಿಂತ ದೊಡ್ಡ ಶಾಖೆಗೆ ವರ್ಗ ಮಾಡಿದರು. ಕೆಲಸ ಹೋಗಿದ್ದು ತಂಗಿಯದು. ಅಂದೇ ಮಧ್ಯಾಹ್ನ ಅಕ್ಕ ತಾನೂ ರಾಜೀನಾಮೆ ಬರೆದುಕೊಟ್ಟಳು. ನಿನ್ನದೇನು ತಪ್ಪು ಎಂದು ಇಸ್ತ್ರಿಯವನು ಕೇಳಿದ್ದಕ್ಕೆ, "ಅವಳ ಸಂಬಳದಲ್ಲಿ ಪಾಲು ಉಂಡಿದ್ದೀನಿ. ನಷ್ಟದಲ್ಲಿ ಬೇಡ ಅನ್ನೋಕಾಗತ್ತಾ?" ಎಂದಳಂತೆ.

ತಂಗಿಯ ಮನಸ್ಸು ಅಷ್ಟಕ್ಕೆಲ್ಲ ಕರಗಲಿಲ್ಲ. ಅಮ್ಮನ ಹೊಲಿಗೆ ಯಂತ್ರದ ಧೂಳು ಒರೆಸಿ ಹೊಲಿಯಲು ಕೂತಳು. ಅಕ್ಕ ಏನು ಕೇಳಿದರೂ ಯಂತ್ರದ ಸದ್ದೇ ಉತ್ತರ. "ನೀನಿರೋ ಮನೇಲಿ ನನಗೆ ಉಸಿರಾಡೋಕಾಗಲ್ಲ" ಎಂದು ಒಂದು ದಿನ ಬಾಯಿಬಿಟ್ಟು ಹೇಳಿದಳು. ಅಕ್ಕ ಬೇರೆ ಊರಿನ ಬಟ್ಟೆ ಗಿರಣಿಯಲ್ಲಿ ದಾಸ್ತಾನು ನೋಡುವ ಕೆಲಸ ಹಿಡಿದಳು. ಮನೆಯ ತನ್ನ ಅರ್ಧವನ್ನೂ ತಂಗಿಯ ಹೆಸರಿಗೆ ಬರೆದಳು.

ಹೊರಡುವ ದಿನ ಬೆಳಿಗ್ಗೆ ನಾವೆಲ್ಲ ನಮ್ಮ ನಮ್ಮ ಕಿಟಕಿಗಳಲ್ಲಿದ್ದೆವು. ಅಕ್ಕ ಪೆಟ್ಟಿಗೆಯನ್ನು ಹೊರಗಿಟ್ಟು ಹಾಸಿಗೆ ಸುರುಳಿ ತರಲು ಒಳಗೆ ಹೋದಳು. ಅದು ಆಗಲೇ ಬಾಗಿಲ ಬಳಿ ಬಂದು ಕೂತಿತ್ತು, ಹಗ್ಗ ಬಿಗಿದು. ತಂಗಿ ಬೆನ್ನು ಹಾಕಿ ಯಂತ್ರ ತುಳಿಯುತ್ತಿದ್ದಳು. ಅಕ್ಕ ಬಗ್ಗಿ ಗಂಟು ನೋಡಿದಳು. ಎರಡು ಸುತ್ತು, ತುದಿ ಕಾಣಲಿಲ್ಲ. ಎಳೆದು ನೋಡಲು ಕೈ ಚಾಚಿದವಳು ಹಾಗೇ ಹಿಂದಕ್ಕೆ ತೆಗೆದುಕೊಂಡು, ಸುರುಳಿಯನ್ನು ಹೆಗಲಿಗೇರಿಸಿದಳು.

ಗೇಟಿನ ಹತ್ತಿರ ನಿಂತಳು. ಇನ್ನು ತಿರುಗಿ ಬಂದು ಬಾಗಿಲು ಎಳೆಯುತ್ತಾಳೆ ಎಂದು ನಾವು ಕಾದೆವು. ಅಕ್ಕ ಪೆಟ್ಟಿಗೆಯನ್ನು ಎಡಗೈಗೆ ಬದಲಿಸಿಕೊಂಡು ಓಣಿಯ ತಿರುವು ದಾಟಿದಳು. ಬಾಗಿಲು ಅರೆ ತೆರೆದೇ ಇತ್ತು.